ಇರದವನ ನಲವತ್ತನೆಯ ದಿನ

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಗೆನಾದಿಯೆ ಉರ್ಸಾಕೆ ಎಂಬ ಮನುಷ್ಯ ನಿಮ್ಮ ಕಚೇರಿಯಲ್ಲಿ ಯಾವತ್ತೂ ಕೆಲಸ ಮಾಡಿಲ್ಲ, ಅಂಥ ಮನುಷ್ಯ ಇರಲೇ ಇಲ್ಲ. ಯಾಶ್ ನಗರದಿಂದ ಬೆಳಿಗ್ಗೆ ಹೊರಟ ವ್ಯಾನಿನ ಕೊನೆಯ ಸೀಟಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ ಇಟ್ಟುಕೊಂಡು, ಎಮಿಲ್ಯಾನ್ ಈ ವಾಕ್ಯವನ್ನು ಬಾಯೊಳಗೇ ಹೊರಳಿಸುತ್ತ ಕೂತಿದ್ದ. 'ಇರಲೇ ಇಲ್ಲ' ಅನ್ನುವಾಗ ಸ್ವಲ್ಪ ನಗಬೇಕು ಎಂದು ಆಫೀಸಿನಲ್ಲಿ ಹೊರಿಯಾ ಹೇಳಿಕೊಟ್ಟಿದ್ದ. ನಗದಿದ್ದರೆ ಮೋಸಹೋದವರಿಗೆ ಅವಮಾನವಾಗುತ್ತದಂತೆ, ನಕ್ಕರೆ ಅದೇ ಪಾಠವಾಗುತ್ತದಂತೆ. ಎಮಿಲ್ಯಾನ್ ಕಿಟಕಿಯ ಗಾಜಿನಲ್ಲಿ ನಕ್ಕು ನೋಡಿಕೊಂಡ. ಮುಂದಿನ ಸೀಟಿನಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಕೊವ್ರಿಗ್ ಬ್ರೆಡ್ಡು ಮುರಿದು ತಿನ್ನುತ್ತಿದ್ದ ಹೆಂಗಸು ತನ್ನನ್ನು ನೋಡಿಯೇ ನಕ್ಕನೆಂದುಕೊಂಡು ತಿರುಗಿದಳು, ಇವನ ಟೈಯನ್ನು ಮೇಲಿಂದ ಕೆಳಗೆ ನೋಡಿದಳು, ಮತ್ತೆ ತಿಂಡಿಯ ಕಡೆ ತಿರುಗಿದಳು. ಅವನಿಗೆ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿದವನು. ಘರ್ಷಣೆ ಇಲ್ಲವೆಂದಿಟ್ಟುಕೊಳ್ಳೋಣ, ಗಾಳಿ ಇಲ್ಲವೆಂದಿಟ್ಟುಕೊಳ್ಳೋಣ ಎಂದು ಕಣ್ಣೆದುರೇ ಇರುವುದನ್ನು ದಿನವೂ ಇಲ್ಲ ಎಂದವನು. ಆಗೆಲ್ಲ ಒಮ್ಮೆಯೂ ನಾಲಿಗೆ ತಡವರಿಸಿರಲಿಲ್ಲ. ಈಗ ಇಲ್ಲದವನೊಬ್ಬನನ್ನು ಇಲ್ಲ ಎನ್ನುವುದಕ್ಕೆ ಉರು ಹೊಡೆಯಬೇಕಾಗಿ ಬಂದಿದೆ. ಹೊರಗೆ ಸೂರ್ಯಕಾಂತಿ ಕೊಯ್ದು ಮುಗಿದ ಹೊಲಗಳಲ್ಲಿ ಕರ್ರಗಿನ ಕಡ್ಡಿಗಳು ನಿಂತಿದ್ದವು.

ಹೊಸ ಕೆಲಸದ ಮೂರು ತಿಂಗಳ ಪರೀಕ್ಷಾ ಅವಧಿ ಈ ವಾರಕ್ಕೆ ಮುಗಿಯುತ್ತಿತ್ತು. ಕಂಪನಿ ಇದ್ದದ್ದು ಹಳೆಯ ಬಟ್ಟೆ ಗಿರಣಿಯ ಮೇಲಿನ ಮಹಡಿಯಲ್ಲಿ. ಆಸ್ಪತ್ರೆ, ಪುರಸಭೆ, ಕಾರ್ಖಾನೆ ಎಂದು ಬೇರೆಯವರ ಕಂಪ್ಯೂಟರುಗಳ ಬಾಗಿಲು ಕಾಯುವುದು ಅದರ ಕಸುಬು. ಸಾಲಾಗಿ ಕೂತ ಹುಡುಗ ಹುಡುಗಿಯರ ಎದುರು ಪರದೆಗಳಲ್ಲಿ ಎಚ್ಚರಿಕೆಗಳು ಒಂದೇ ಸಮನೆ ಹರಿಯುತ್ತವೆ. ಬಹುಪಾಲು ಸುಳ್ಳು, ಆ ಸುಳ್ಳಿನ ನಡುವೆ ನಿಜವಾದದ್ದೊಂದು ಕಣ್ತಪ್ಪಿ ಹೋಗದಂತೆ ನೋಡಿಕೊಂಡರೆ ಸಂಬಳ. ಸೇರಿದ ಮೊದಲ ವಾರದಲ್ಲೇ ಎಮಿಲ್ಯಾನ್ ಒಬ್ಬ ನುಸುಳುಕೋರನನ್ನು ಪತ್ತೆ ಮಾಡಿದ. ಯಾರೋ ಒಳಗಿನಿಂದಲೇ ಗಳಿಗೆಗೊಮ್ಮೆ ಎಲ್ಲ ಯಂತ್ರಗಳ ಕದ ತಟ್ಟುತ್ತಿದ್ದರು. ಮಧ್ಯಾಹ್ನದ ಊಟ ಬಿಟ್ಟು ಬೆನ್ನುಹತ್ತಿದ, ಎಲ್ಲ ಬರೆದುಕೊಂಡ, ಕೊನೆಗೆ ಹೊರಿಯಾನನ್ನು ಕರೆದು ತೋರಿಸಿದ. ಹೊರಿಯಾ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಅವನ ಮೇಲಧಿಕಾರಿ. ಬಗ್ಗಿ ನೋಡಿ, "ಮೇಷ್ಟ್ರೇ, ಅದು ನಮ್ಮ ಪ್ರಿಂಟರು" ಅಂದ. ಮರುದಿನ ಬಂದು ನೋಡಿದರೆ ಪ್ರಿಂಟರಿನ ಮೇಲೆ, ಅಪಾಯಕಾರಿ ಆಸಾಮಿ, ಹತ್ತಿರ ಹೋಗಬೇಡಿ ಎಂದು ಚೀಟಿ ಅಂಟಿಸಿದ್ದರು. ಎಮಿಲ್ಯಾನ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು, ಕನ್ನಡಿಯಲ್ಲಿ ನೋಡಿಕೊಳ್ಳದೆ ಹೊರಬಂದ. ಶಾಲೆಯಲ್ಲಿ ಹಿಂದಿನ ಬೆಂಚಿನ ದಡ್ಡ ಹುಡುಗರು ತನ್ನ ತಮಾಷೆಗೆ ಹೀಗೆಯೇ ನಗುತ್ತಿದ್ದರು ಎಂದು ಅವತ್ತು ಮೊದಲ ಸಲ ಹೊಳೆಯಿತು. ಅವರಿಗೆ ತಮಾಷೆ ಅರ್ಥವಾಗಿದೆ ಎಂದೇ ಆಗ ತಿಳಿದಿದ್ದ.

ಪ್ರುತ್ ನದಿಯ ದಂಡೆಯ ಈ ಪುಟ್ಟ ಊರಿನ ನೀರು ಸರಬರಾಜು ಕಚೇರಿ, ಅವನಿಗೆ ಒಬ್ಬನಿಗೇ ಅಂತ ಕೊಟ್ಟ ಮೊದಲ ಕೆಲಸ. ಗೋಡೆ ಎಷ್ಟು ಎತ್ತರ ಕಟ್ಟಿದರೂ ಒಳಗಿರುವವರೇ ಯಾರೋ ಕದ ತೆಗೆದುಬಿಡುತ್ತಾರೆ. ಆದ್ದರಿಂದ ಆಗಾಗ ಸುಳ್ಳು ಮೇಲ್ ಕಳಿಸಿ, ಯಾರು ಮೋಸಹೋಗುತ್ತಾರೆ ಎಂದು ನೋಡಿ, ಬುದ್ಧಿ ಹೇಳಿ ಬರಬೇಕು. ಎಮಿಲ್ಯಾನ್ ಮೊದಲು ಬ್ಯಾಂಕಿನ ಹೆಸರಲ್ಲಿ ಒಂದು ಬರೆದ, ಪಾರ್ಸೆಲ್ ಬಂದಿದೆ ಎಂದು ಇನ್ನೊಂದು ಬರೆದ. ಹೊರಿಯಾ ಎರಡನ್ನೂ ಓದಿ, "ಇದನ್ನ ನಮ್ಮಜ್ಜಿ ಕೂಡ ನಂಬಲ್ಲ ಮೇಷ್ಟ್ರೇ, ಅವರಿಗೆ ಕಣ್ಣೇ ಕಾಣಲ್ಲ" ಅಂದ. "ಜನ ಯಾವುದಕ್ಕೆ ಇಲ್ಲ ಅನ್ನೋಕಾಗಲ್ವೋ ಅದನ್ನ ಹುಡುಕಿ. ನೀವು ಅಷ್ಟು ವರ್ಷ ಜನರ ಮಧ್ಯೆ ಇದ್ದೋರು." ಆ ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಎಂದು ಯೋಚಿಸುತ್ತ ಕೂತಿದ್ದಾಗ ಬೆರಳುಗಳು ತಾವಾಗಿಯೇ ಬರೆದವು. ಪಂಪುಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಹಳೆಯ ಸಹೋದ್ಯೋಗಿ ಗೆನಾದಿಯೆ ಉರ್ಸಾಕೆ ತೀರಿಕೊಂಡು ಬರುವ ಶುಕ್ರವಾರಕ್ಕೆ ನಲವತ್ತು ದಿನ. ಬೆಳಗಿನ ಪ್ರಾರ್ಥನೆಯಲ್ಲಿ ಅವರನ್ನು ನೆನೆಯುವವರು ಇಲ್ಲಿ ಒತ್ತಿ ಹೆಸರು ಕೊಡಿ. ಒತ್ತಿದರೆ ಕಚೇರಿಯದೇ ಅನ್ನಿಸುವಂಥ ಪುಟ ತೆರೆದುಕೊಂಡು ಪಾಸ್‌ವರ್ಡ್ ಕೇಳುತ್ತಿತ್ತು. ಹೊರಿಯಾ ಎರಡು ಸಲ ಓದಿದ. "ಮೇಷ್ಟ್ರೇ, ನೀವು ಭಾರೀ ಕೆಟ್ಟೋರು" ಅಂದು ಭುಜ ತಟ್ಟಿದ. ಮೂರು ತಿಂಗಳಲ್ಲಿ ಸಿಕ್ಕ ಮೊದಲ ಹೊಗಳಿಕೆ. ಎಮಿಲ್ಯಾನನಿಗೆ ಎದೆಯಲ್ಲಿ ಬೆಚ್ಚಗಾಯಿತು, ಬೆಚ್ಚಗಾದದ್ದಕ್ಕೆ ಅಸಹ್ಯವೂ ಆಯಿತು. "ಹೆಸರು ಎಲ್ಲಿಂದ ಹಿಡಿದು ತಂದ್ರಿ?" ಎಂದು ಹೊರಿಯಾ ಕೇಳಿದ್ದಕ್ಕೆ, "ಸುಮ್ನೆ ಹೊಳೀತು" ಅಂದ. ಉರ್ಸಾಕೆ ಎನ್ನುವುದು ಹಿಂದೊಮ್ಮೆ ಅವನ ತರಗತಿಯಲ್ಲಿದ್ದ ಹುಡುಗನ ಮನೆತನದ ಹೆಸರು. ಗೆನಾದಿಯೆ ಎನ್ನುವುದು ಎಮಿಲ್ಯಾನನ ಸ್ವಂತ ಅಪ್ಪನ ಹೆಸರು.

ಅಪ್ಪ ಸತ್ತದ್ದು ಹೋದ ವರ್ಷ ಇದೇ ಸುಮಾರಿಗೆ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತನಾದವನು. ಮಗ ಶಾಲೆ ಬಿಟ್ಟು ಹೊಸ ಕೆಲಸಕ್ಕೆ ಓದುತ್ತಿದ್ದಾನೆ ಎಂದು ತಿಳಿದಾಗ, "ಕಳ್ಳರನ್ನ ಹಿಡಿಯೋದು ಅಂದ್ರೆ ಪೊಲೀಸ್ ಕೆಲಸಾನಾ? ಟೋಪಿ ಕೊಡ್ತಾರಾ?" ಎಂದು ಕೇಳಿದ್ದ. ಇನ್ನೊಂದು ಸಲ ಫೋನ್ ಮಾಡಿ, "ಹೊಸ ಪಾಸ್‌ವರ್ಡ್ ಹಾಕು ಅಂತ ಈ ಫೋನು ಪ್ರಾಣ ತಿಂತಿತ್ತು ಕಣೋ, ಹಾಕಿದೀನಿ, ನಿನ್ನ ಹೆಸರು, ಅದರ ಮುಂದೆ ನೀನು ಹುಟ್ಟಿದ ವರ್ಷ, ಸರಿಯಾಗಿದೆಯಾ?" ಅಂದ. ಎಮಿಲ್ಯಾನ್ ಆಗಷ್ಟೇ ಅದೇ ಪಾಠ ಓದಿ ಮುಗಿಸಿದ್ದ. "ಪಾಸ್‌ವರ್ಡ್ ಯಾರಿಗೂ ಹೇಳಬಾರದು ಅಪ್ಪಾ. ಎಷ್ಟು ಸಲ ಹೇಳಬೇಕು ನಿಮಗೆ?" ಎಂದು ರೇಗಿದ. ಒಮ್ಮೆಯೂ ಹೇಳಿರಲಿಲ್ಲ, ಅದು ಬೇರೆ ಮಾತು. "ನಿನಗೂ ಹೇಳಬಾರದಾ?" "ನನಗೂ ಹೇಳಬಾರದು." ಆ ಕಡೆ ಟಿವಿಯ ಸದ್ದು ಕಮ್ಮಿಯಾಯಿತು. "ಸರಿ ಬಿಡು, ಹಾಗಾದ್ರೆ ಬದಲಾಯಿಸ್ತೀನಿ" ಅಂದ ಅಪ್ಪ. ಮಣ್ಣು ಮಾಡಿ ಬಂದ ದಿನ ಅಕ್ಕ ಆ ಫೋನನ್ನು ತಂದು ಇವನ ಕೈಗೆ ಕೊಟ್ಟಳು, ಒಳಗೆ ಫೋಟೋಗಳಿದ್ದವಂತೆ. ಎಮಿಲ್ಯಾನ್ ತನ್ನ ಹೆಸರು ಒತ್ತಿದ, ಹುಟ್ಟಿದ ವರ್ಷ ಒತ್ತಿದ. ತೆರೆಯಲಿಲ್ಲ. ಅಪ್ಪ ಮಾತು ಕೇಳಿದ್ದ. ನಲವತ್ತನೆಯ ದಿನದ ಪ್ರಾರ್ಥನೆಗೆ ಅಕ್ಕ ಒಬ್ಬಳೇ ನಿಂತಳು, ಯಾಕೆಂದರೆ ಅವತ್ತು ಎಮಿಲ್ಯಾನನಿಗೆ ಈ ಕೆಲಸದ ಪರೀಕ್ಷೆ ಇತ್ತು. ತಾರೀಖು ಬದಲಿಸಲು ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದ್ದ. ಬರುತ್ತಿತ್ತು. ವ್ಯಾನು ನದಿಯ ಕಡೆ ಇಳಿಯುತ್ತಿದ್ದಂತೆ ಕೊವ್ರಿಗಿನ ಹೆಂಗಸು ಎಲ್ಲಿ ಇಳೀಬೇಕು ನೀವು ಎಂದು ಕೇಳಿದಳು, ನೀರಿನ ಕಚೇರಿ ಅಂದ, ಅಲ್ಲಿ ನೀರೇ ಬರಲ್ಲ ಅಂದಳು.

ಕಚೇರಿಯ ಬಾಗಿಲಲ್ಲೇ ಬೇಯಿಸಿದ ಗೋಧಿಯ ವಾಸನೆ ಮೂಗಿಗೆ ಬಂತು. ಬಂದ ಕಾಗದಗಳಿಗೆಲ್ಲ ಮೊಹರು ಒತ್ತಿ ಒಳಗೆ ಕಳಿಸುವ ವೆತೂರಿಯಾ ಬಾಗಿಲ ಪಕ್ಕದ ತನ್ನ ಮೇಜಿನ ಹಿಂದೆ ನಿಂತು, ತಟ್ಟೆಗಳ ಮೇಲೆ ಒಂದೊಂದು ಚಿಕ್ಕ ಮೇಣದ ಬತ್ತಿ ಇಡುತ್ತಿದ್ದಳು. ದಪ್ಪ ಕಾಲು, ತಲೆಗೆ ಕರಿ ವಸ್ತ್ರ, ಯಾವಾಗಲೂ ಯಾರ ಮೇಲೋ ಸಿಟ್ಟಿನಲ್ಲಿರುವ ಮುಖ. ಕಂಪ್ಯೂಟರಿನ ತಂತಿಗಳನ್ನು ನೋಡಲು ಹಿಂದೆ ಎರಡು ಸಲ ಬಂದಿದ್ದಾಗ, ಕೇಳದೆಯೇ ಇವನಿಗೆ ಕಾಫಿ ಕೊಟ್ಟು, ಇಷ್ಟು ಸಣಕಲು ಮನುಷ್ಯ ಕಳ್ಳರನ್ನ ಹೇಗೆ ಹಿಡೀತಾನೆ ಎಂದಿದ್ದಳು. ಈಗ ಇವನನ್ನು ಕಂಡದ್ದೇ, "ಬಾ ಮಗಾ, ಒಳ್ಳೇ ದಿನ ಬಂದೆ" ಅಂದಳು. "ಇವತ್ತು ನಮ್ಮ ಗೆನಾದಿಯೆಯ ನಲವತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿಕೊಂಡೇ ಬಂದೆ."

ಎಮಿಲ್ಯಾನ್ ಚೀಲ ಕೆಳಗಿಟ್ಟ. ಮೇಲ್ ಕಳಿಸಿದರೆ ಜನ ಒತ್ತುತ್ತಾರೆ, ಪಾಸ್‌ವರ್ಡ್ ಕೊಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದ. ಪರದೆಯ ಆಚೆ ಯಾರೋ ಸತ್ತವನ ಹೆಸರಲ್ಲಿ ಹಂಚಲು ರಾತ್ರಿ ಗೋಧಿ ನೆನೆಹಾಕಬಹುದು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

"ನಿಮಗೆ ಅವರ ಪರಿಚಯ ಇತ್ತಾ ಅಮ್ಮಾ?" ಎಂದು ಕೇಳಿದ.

"ಇಲ್ಲದೆ ಏನು? ಉದ್ದಕ್ಕಿದ್ದ. ಬಾಗಿಲಲ್ಲಿ ಬಗ್ಗಿ ಬರ್ತಿದ್ದ. ಮಾತು ಕಮ್ಮಿ. ಇಲ್ಲಿ ನಿಂತು, ವೆತೂರಿಯಮ್ಮಾ ಕಾಲುನೋವು ಹೇಗಿದೆ ಅಂತ ಕೇಳಿಯೇ ಒಳಗೆ ಹೋಗೋನು. ಈಗಿನೋರು ಯಾರು ಕೇಳ್ತಾರೆ?"

ಮೀಟರ್ ಓದುವ ಪಾವೆಲ್ ಗೋಡೆಗೆ ಒರಗಿಕೊಂಡಿದ್ದ. "ಕಾಲುನೋವು ಕೇಳ್ತಿದ್ದದ್ದು ಕಾಫಿಗೋಸ್ಕರ" ಅಂದ. "ಆದ್ರೆ ಒಳ್ಳೇ ಮನುಷ್ಯ. ನಾನೂ ಅವನೂ ಎಷ್ಟು ಸಲ ಮೀನು ಹಿಡಿಯೋಕೆ ಹೋಗಿಲ್ಲ. ಒಂದು ಬಿದ್ದರೂ ನನಗೇ ಕೊಟ್ಟುಬಿಡೋನು, ಮನೇಲಿ ತಿನ್ನೋರಿಲ್ಲ ಅಂತ."

"ಮಗ ಇದ್ದ ಅಂತ ಕಾಣುತ್ತೆ ಕಣೋ" ಅಂದಳು ವೆತೂರಿಯಾ.

"ಇದ್ದ. ಎಲ್ಲೋ ಓದ್ಕೊಂಡಿದ್ದ."

"ಎಂಥಾ ಮಗ ಅಂತೀನಿ. ಚರ್ಚಿನಲ್ಲಿ ಮನೆಯೋರು ಅಂತ ಒಂದು ನರಪಿಳ್ಳೆ ಇರಲಿಲ್ಲ. ನಾನು, ಪಾವೆಲ್, ಲೆಕ್ಕದ ವಿಭಾಗದೋಳು, ಮೂರೇ ಜನ. ಪಾದ್ರಿ ಹೆಸರು ಓದಿದಾಗ ಅಳೋಕೆ ಯಾರೂ ಇಲ್ವಲ್ಲ ಅಂತ ನಾನೇ ಅತ್ತೆ."

ಸತ್ತ ಸಹೋದ್ಯೋಗಿಯನ್ನು ಮರೆತಿದ್ದೇನೆ ಎಂದು ಒಪ್ಪಿಕೊಳ್ಳುವುದು ಹೇಗೆ. ಮರೆತವರು ಪಾಪಿಗಳು. ಆದ್ದರಿಂದ ಮೊದಲು ಒಬ್ಬರು ನೆನಪು ಮಾಡಿಕೊಂಡಿದ್ದಾರೆ, ಅದಕ್ಕೆ ಇನ್ನೊಬ್ಬರು ಮೀನು ಸೇರಿಸಿದ್ದಾರೆ, ವಾರ ಕಳೆಯುವಷ್ಟರಲ್ಲಿ ಪಂಪುಮನೆಯಲ್ಲಿ ಒಬ್ಬ ಉದ್ದನೆಯ ಮನುಷ್ಯ ಎದ್ದು ಓಡಾಡಿದ್ದಾನೆ. ಇದನ್ನೆಲ್ಲ ಎಮಿಲ್ಯಾನ್ ತಣ್ಣಗೆ, ತರಗತಿಯಲ್ಲಿ ಒಂದು ಪ್ರಯೋಗ ನೋಡುವವನಂತೆ ಅರ್ಥಮಾಡಿಕೊಂಡ. ಅರ್ಥಮಾಡಿಕೊಂಡ ಮೇಲೂ ಅಲ್ಲಿಂದ ಕಾಲು ಕೀಳಲಿಲ್ಲ. ಇನ್ನೂ ಹೇಳಲಿ ಅನ್ನಿಸಿತು. ಅಕ್ಕ ಕೂಡ ಅಪ್ಪನ ಬಗ್ಗೆ ಇಷ್ಟು ಮಾತಾಡಿರಲಿಲ್ಲ. ಅವರು ಬೇರೇನು ಮಾಡ್ತಿದ್ರು ಎಂದು ಕೇಳಲು ಬಾಯಿ ತೆರೆದಾಗ, ಡೈರೆಕ್ಟರು ಕರೀತಿದಾರೆ ಎಂದು ಯಾರೋ ಬಂದು ಹೇಳಿದರು.

ಡೈರೆಕ್ಟರ್ ಕೊಸ್ತಾಕೆ ಕಿಟಕಿಯಲ್ಲಿದ್ದ ಕಳ್ಳಿ ಗಿಡಗಳಿಗೆ ಚಮಚದಲ್ಲಿ ನೀರು ಹಾಕುತ್ತಿದ್ದ. ಸಣ್ಣ ದನಿಯ, ನಯವಾದ ಮನುಷ್ಯ. ಕೂತ್ಕೊಳ್ಳಿ ಅಂದ, ಯಾಶ್‌ನಲ್ಲಿ ಚಳಿ ಶುರುವಾಯ್ತಾ ಅಂದ, ಆಮೇಲೆ ಬೆನ್ನು ತಿರುಗಿಸಿಕೊಂಡೇ, "ಮೊದಲು ಪಾಸ್‌ವರ್ಡ್ ಕೊಟ್ಟೋರು ಯಾರು?" ಎಂದು ಕೇಳಿದ.

"ಕರಾರಿನ ಪ್ರಕಾರ ಹೆಸರು ಹೇಳೋ ಹಾಗಿಲ್ಲ ಸಾರ್. ಒಟ್ಟು ಎಷ್ಟು ಪಾಲು ಜನ ಮೋಸಹೋದ್ರು ಅಂತ ಮಾತ್ರ ವರದಿ ಕೊಡ್ತೀವಿ. ಇದು ಶಿಕ್ಷೆಗೆ ಅಲ್ಲ, ಕಲಿಯೋದಕ್ಕೆ."

"ಕಾಗದದಲ್ಲಿ ಬೇಡ. ಬಾಯಲ್ಲಿ ಹೇಳಿ. ಒಂದೇ ಹೆಸರು." ಚಮಚದ ನೀರು ಮುಗಿಯಿತು. "ನೋಡಿ, ಮೇಲಿನೋರು ಒಂದು ಹುದ್ದೆ ಕಮ್ಮಿ ಮಾಡು ಅಂತ ಕೂತಿದಾರೆ. ಸುಮ್ನೆ ತೆಗೆಯೋಕಾಗಲ್ಲ, ಕಾರಣ ಬೇಕು. ನಿಮ್ಮ ಆ ಹುಡುಗನ ಜೊತೆ ಫೋನಲ್ಲಿ ಮಾತಾಡಿದೆ, ಹೊರಿಯಾ. ಮುಂದಿನ ವರ್ಷದ ಕರಾರಿನ ವಿಷಯ. ಹೆಸರು ಬೇಕಾದ್ರೆ ನಮ್ಮ ಮೇಷ್ಟ್ರನ್ನ ಕೇಳಿ, ಅವರಿಗೇ ಬಿಟ್ಟದ್ದು ಅಂದ. ಮೇಷ್ಟ್ರು ಅಂದ್ರೆ ನೀವೇ ತಾನೇ?"

ಮೇಷ್ಟ್ರು ಅವನೇ. ಮೇಲ್ ಕಳಿಸಿ ಕುರ್ಚಿಗೆ ಒರಗುವ ಮೊದಲೇ ಪರದೆಯಲ್ಲಿ ಬಂದ ಮೊದಲ ಹೆಸರು ವೆತೂರಿಯಾಳದು. ಎಲ್ಲ ಕಾಗದಕ್ಕೂ ಮೊದಲು ಅವಳೇ ಮೊಹರು ಒತ್ತುವವಳು, ಇದಕ್ಕೂ ಒತ್ತಿದ್ದಳು. ಅವಳಿಗೆ ಪಿಂಚಣಿಗೆ ಇನ್ನೊಂದೇ ವರ್ಷ, ಅದನ್ನು ಅವಳೇ ಕಾಫಿ ಕೊಡುತ್ತ ಹೇಳಿದ್ದಳು; ಈಗ ತೆಗೆದರೆ ಪೂರ್ತಿ ಸಿಗುವುದಿಲ್ಲ. ಹೇಳಲಾರೆ ಎನ್ನುವ ವಾಕ್ಯ ಎಮಿಲ್ಯಾನನ ಬಾಯಲ್ಲಿ ಸಿದ್ಧವಾಗಿಯೇ ಇತ್ತು, ವ್ಯಾಕರಣ ಸಮೇತ. ಅದೇ ಹೊತ್ತಿಗೆ ಪ್ರಿಂಟರಿನ ಮೇಲಿನ ಚೀಟಿ ಕಣ್ಣ ಮುಂದೆ ಬಂತು, ಸೋಮವಾರ ಹೊರಿಯಾ ಕರೆದು, ನೀವು ಈ ಕೆಲಸಕ್ಕಲ್ಲ ಮೇಷ್ಟ್ರೇ ಅನ್ನುವುದು ಕೇಳಿಸಿತು, ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಿ ಹೆಡ್‌ಮಾಸ್ಟರ ಎದುರು ನಿಲ್ಲಬೇಕಾದ ದಿನ ಕಾಣಿಸಿತು. ಬಿಸಿ ಪಾತ್ರೆ ಕೆಳಗಿಡುವವನ ಅವಸರದಲ್ಲಿ ಅವಳ ಹೆಸರನ್ನು ಹೇಳಿಬಿಟ್ಟ.

"ನಾನೂ ಹಾಗೇ ಅಂದುಕೊಂಡಿದ್ದೆ" ಅಂದ ಕೊಸ್ತಾಕೆ. ಮೇಜಿನ ಮೇಲಿದ್ದ ಬಟ್ಟಲನ್ನು ಮುಂದೆ ತಳ್ಳಿದ. ಅದರಲ್ಲಿ ಪುದೀನ ಪೆಪ್ಪರಮೆಂಟು. ಎಮಿಲ್ಯಾನ್ ಒಂದು ತೆಗೆದುಕೊಂಡು ಥ್ಯಾಂಕ್ಸ್ ಅಂದ.

ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದಾಗಲೂ ಅದು ಬಾಯಲ್ಲಿತ್ತು. ಕೆನ್ನೆಯ ಒಂದು ಕಡೆಗೆ ಸರಿಸಿಕೊಂಡು ಮಾತಾಡಿದ. ಗೋಡೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಬಂದವು: ಮೇಲ್ ಬಂದರೆ ಮೊದಲು ಯಾರಿಂದ ಬಂತು ನೋಡಿ, ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ, ಅವಸರ ಪಡಿಸಿದರೆ ಅನುಮಾನಪಡಿ. ಜನ ತಲೆದೂಗಿದರು. ಪಾವೆಲ್ ಆಕಳಿಸಿದ. ಕೊನೆಯ ಚಿತ್ರದಲ್ಲಿ ಅವರಿಗೆ ಬಂದ ಮೇಲ್ ಕಾಣಿಸಿತು, ಅಂಚಿನಲ್ಲಿ ಕಪ್ಪು ಪಟ್ಟಿಯ ಸಮೇತ. ವೆತೂರಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ಎಮಿಲ್ಯಾನ್ ತನ್ನ ವಾಕ್ಯವನ್ನು ಹೇಳಿದ. ಗೆನಾದಿಯೆ ಉರ್ಸಾಕೆ ಎಂಬ ಮನುಷ್ಯ ನಿಮ್ಮ ಕಚೇರಿಯಲ್ಲಿ ಯಾವತ್ತೂ ಕೆಲಸ ಮಾಡಿಲ್ಲ. ಅಂಥ ಮನುಷ್ಯ ಇರಲೇ ಇಲ್ಲ. ನಗಬೇಕಾದ ಕಡೆ ನಗಲು ಮರೆತು, ಹೇಳಿ ಮುಗಿದ ಮೇಲೆ ನಕ್ಕ.

ಹೊರಗೆ ಯಾವುದೋ ನಲ್ಲಿ ತೊಟ್ಟಿಕ್ಕುತ್ತಿತ್ತು, ನೀರಿನ ಕಚೇರಿಯಲ್ಲೇ. ಕಡೆಗೆ ಪಾವೆಲ್, "ಇರಲಿಲ್ಲ ಅಂದ್ರೆ ಏನರ್ಥ? ನಾನು ಅವನ ಜೊತೆ ಮೀನು ಹಿಡಿದಿದೀನಿ" ಅಂದ. ಅಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಬೂಟು ನೋಡತೊಡಗಿದ. ಲೆಕ್ಕದ ವಿಭಾಗದ ಹೆಂಗಸಿನ ಕುತ್ತಿಗೆ ಕೆಂಪಾಯಿತು. ಮಂದಿ ಒಬ್ಬರನ್ನೊಬ್ಬರು ನೋಡದೆ ಗೋಡೆ ನೋಡಿದರು, ಚಾವಣಿ ನೋಡಿದರು. ಇವರಿಗೆ ಯಾರೂ ಏನನ್ನೂ ಕಲಿಸಿಲ್ಲ, ಎಲ್ಲರ ಎದುರು ಬಟ್ಟೆ ಬಿಚ್ಚಿಸಲಾಗಿದೆ ಎಂದು ಎಮಿಲ್ಯಾನನಿಗೆ ಅನ್ನಿಸಿತು. ಕೊಸ್ತಾಕೆ ಮಾತ್ರ ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಹಾಗಾದ್ರೆ ಬೆಳಿಗ್ಗೆ ನಾನು ಅತ್ತದ್ದು ಯಾರಿಗೆ?" ಎಂದು ವೆತೂರಿಯಾ ಕೇಳಿದಳು. ಸಿಟ್ಟಿನಿಂದಲ್ಲ, ದಾರಿ ಕೇಳುವ ಧಾಟಿಯಲ್ಲಿ ಕೇಳಿದಳು.

"ಯಾರಿಗೂ ಅಲ್ಲ ಅಮ್ಮಾ."

"ನೀನು ಬರೆದದ್ದಾ ಅದನ್ನ?"

"ಹೂಂ."

ಅವಳು ಎದ್ದು ಹೊರಗೆ ಹೋದಳು. ಎಲ್ಲರೂ ಅತ್ತುಕೊಂಡು ಹೋದಳೆಂದೇ ತಿಳಿದರು. ಸ್ವಲ್ಪ ಹೊತ್ತಿಗೆ ದೊಡ್ಡ ತಟ್ಟೆಯ ತುಂಬ ಚಿಕ್ಕ ತಟ್ಟೆಗಳನ್ನು ಇಟ್ಟುಕೊಂಡು ಬಂದಳು. ಬೆಂದ ಗೋಧಿ, ಅದರ ಮೇಲೆ ಸಕ್ಕರೆ ಪುಡಿ, ಅಕ್ರೋಟು, ಒಂದೊಂದರ ಮೇಲೂ ಆರಿದ ಬತ್ತಿ. "ಬೇಯಿಸಿದ್ದಾಗಿದೆ, ಪಾದ್ರಿ ಪ್ರಾರ್ಥನೆ ಮಾಡಿದ್ದಾಗಿದೆ" ಅಂದಳು. "ಇದನ್ನ ಚರಂಡಿಗೆ ಸುರಿಯೋಕಾಗುತ್ತಾ? ಒಬ್ಬೊಬ್ಬರೂ ನಿಮ್ಮ ನಿಮ್ಮೋರ ಹೆಸರಲ್ಲಿ ತಗೊಳ್ಳಿ." ಪಾವೆಲನಿಂದ ಶುರುಮಾಡಿದಳು. ಪಾವೆಲ್ ತಾಯಿಯ ಹೆಸರು ಹೇಳಿದ, ತಗೊಂಡು ಬೊಗ್ದಪ್ರೋಸ್ತೆ ಅಂದ. ದೇವರು ಅವರನ್ನು ಮನ್ನಿಸಲಿ ಎನ್ನುವ ಆ ಒಂದು ಮಾತನ್ನು ತಗೊಂಡವರು ಕೊಟ್ಟವರಿಗೆ ಹೇಳಬೇಕು, ಹೇಳದಿದ್ದರೆ ತಿಂದದ್ದು ಸತ್ತವರಿಗೆ ಮುಟ್ಟುವುದಿಲ್ಲ. ಒಬ್ಬೊಬ್ಬರಾಗಿ ಹೆಸರು ಹೇಳಿದರು, ತಗೊಂಡರು. ಮುಖಗಳು ಸ್ವಲ್ಪ ಸಡಿಲವಾದವು. ಕೊನೆಯ ತಟ್ಟೆಯೊಡನೆ ಅವಳು ಇವನ ಮುಂದೆ ಬಂದು ನಿಂತಳು.

"ನಿನಗೆ ಸತ್ತೋರು ಯಾರಾದ್ರೂ ಇದಾರಾ?"

"ಅಪ್ಪ."

"ಹೆಸರು?"

ಬೇರೆ ಹೆಸರು ಹೇಳಬಹುದಿತ್ತು. ಅವನ ಕಸುಬೇ ಅದು. ಪೆಪ್ಪರಮೆಂಟು ಕರಗಿ ನಾಲಿಗೆ ಮಾತ್ರ ತಣ್ಣಗಿತ್ತು.

"ಗೆನಾದಿಯೆ" ಅಂದ.

ಪಾವೆಲ್ ಅಗಿಯುವುದನ್ನು ನಿಲ್ಲಿಸಿದ. ವೆತೂರಿಯಾ ಇವನನ್ನೇ ನೋಡುತ್ತ ನಿಂತಳು, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡ, ಬಾರಿಸಿದರೆ ಚೆನ್ನಾಗಿರುತ್ತಿತ್ತು. "ನಲವತ್ತು ಮಾಡಿದ್ದೀಯಾ?" ಎಂದು ಕೇಳಿದಳು. ಇಲ್ಲ ಎಂದು ತಲೆ ಆಡಿಸಿದ. "ಚರ್ಚಿನಲ್ಲಿ ಮನೆತನದ ಹೆಸರು ಓದಲ್ಲ" ಅಂದಳು ಆಮೇಲೆ. "ಗೆನಾದಿಯೆ ಅಂತ ಅಷ್ಟೇ ಓದಿದ್ದು. ಇನ್ಯಾರಿಗೆ ಹೋಗುತ್ತೆ ಅದು? ಗೆನಾದಿಯೆಯ ಆತ್ಮಕ್ಕೆ. ತಗೋ, ತಿನ್ನು." ತಟ್ಟೆ ಅವನ ಕೈಗೆ ಬಂತು. ಅಷ್ಟರಲ್ಲಿ ಬಾಗಿಲಿಂದ ಕೊಸ್ತಾಕೆಯ ನಯವಾದ ದನಿ, "ವೆತೂರಿಯಾ ಅವರೇ, ಒಂದು ನಿಮಿಷ ನನ್ನ ಕೋಣೆಗೆ ಬರ್ತೀರಾ?" ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಹೋದಳು.

ಎಮಿಲ್ಯಾನ್ ಚಮಚ ಬಾಯಿಗಿಟ್ಟ. ಗೋಧಿ ಮೆತ್ತಗೆ, ಸಕ್ಕರೆ ಹೆಚ್ಚು, ನಿಂಬೆ ಸಿಪ್ಪೆಯ ಘಮ. ಅಕ್ಕ ಒಬ್ಬಳೇ ಇದನ್ನು ಕಲಸಿದ ಅಡಿಗೆಮನೆ ನೆನಪಾಯಿತು, ಅವನು ನೋಡಿರದ ಅಡಿಗೆಮನೆ, ಆದರೂ ನೆನಪಾಯಿತು. ಪಾವೆಲನಿಗೆ ಮೀನು ನೆನಪಾದದ್ದೂ ಹೀಗೆಯೇ ಇರಬೇಕು. ಬೊಗ್ದಪ್ರೋಸ್ತೆ ಅನ್ನಲಿಲ್ಲ ಎಂದು ಆಗ ಹೊಳೆಯಿತು. ಹೇಳಬೇಕಾದವಳು ಆ ಕೋಣೆಯಲ್ಲಿದ್ದಾಳೆ. ಯಾಕೆ ಕರೆದರೆಂದು ಅವಳಿಗೆ ಇನ್ನು ಎರಡು ಮಾತಿನಲ್ಲಿ ತಿಳಿಯುತ್ತದೆ, ಯಾರು ಹೇಳಿದರೆಂದು ಮೂರನೆಯದರಲ್ಲಿ. ಆಮೇಲೆ ಅವಳ ಮುಖ ನೋಡಿ ಆ ಮಾತು ಹೇಳಲು ಆಗುವುದಿಲ್ಲ. ಸಾಯಂಕಾಲದ ವ್ಯಾನು ಹತ್ತಿದರೆ ಸೋಮವಾರ ಕೆಲಸ ಖಾಯಂ, ಹೊರಿಯಾ ಮತ್ತೊಮ್ಮೆ ಭುಜ ತಟ್ಟುತ್ತಾನೆ. ಎಮಿಲ್ಯಾನ್ ತಟ್ಟೆ ಹಿಡಿದುಕೊಂಡೇ ಎದ್ದ. ಕಚೇರಿಯ ಉದ್ದನೆಯ ಕಾರಿಡಾರಿನಲ್ಲಿ ಬೇಗಬೇಗ ಹೆಜ್ಜೆ ಹಾಕಿದ, ಧೈರ್ಯದಿಂದಲ್ಲ, ತಡವಾಗುತ್ತದೆ ಎಂದು. ಒಳಗಿನಿಂದ, "ಒಂದು ವರ್ಷ ಮುಂಚೆ ಮನೇಲಿ ಕೂತ್ರೆ ಏನಾಗುತ್ತೆ, ಕಾಲುನೋವು ಬೇರೆ ಇದೆ ನಿಮಗೆ" ಎನ್ನುವುದು ಕೇಳಿಸಿತು. ಕದ ತಟ್ಟದೆ ಒಳಗೆ ಹೋದ. ಶಾಲೆಯಲ್ಲಿ ಹೀಗೆ ನುಗ್ಗಿದ ಹುಡುಗರನ್ನು ಅವನು ವಾಪಸು ಕಳಿಸುತ್ತಿದ್ದ.

"ಬೊಗ್ದಪ್ರೋಸ್ತೆ" ಅಂದ.

ವೆತೂರಿಯಾ ತಿರುಗಿ ನೋಡಿದಳು. ಅವಳ ಮುಖದಲ್ಲಿ ಯಾವಾಗಲೂ ಇರುವ ಸಿಟ್ಟು ಇರಲಿಲ್ಲ, ಬೇರೇನೂ ಇರಲಿಲ್ಲ.

"ಏನು ಬೇಕಾಗಿತ್ತು?" ಅಂದ ಕೊಸ್ತಾಕೆ.

"ಇವರ ಹೆಸರು ಹೇಳಿದ್ದು ನಾನು" ಎಂದು ಎಮಿಲ್ಯಾನ್ ಅವಳಿಗೆ ಹೇಳಿದ. ಆಮೇಲೆ ಡೈರೆಕ್ಟರ ಕಡೆ ತಿರುಗಿ, ಗೋಡೆಯ ಮೇಲಿನ ಚಿತ್ರ ಓದಿದ ಅದೇ ದನಿಯಲ್ಲಿ, "ಕರಾರಿನ ಪ್ರಕಾರ ಹೆಸರು ಹೇಳೋ ಹಾಗಿರಲಿಲ್ಲ. ನೀವು ಕೇಳಿದ್ರಿ, ನಾನು ಹೇಳ್ದೆ. ಎರಡನ್ನೂ ವರದಿಯಲ್ಲಿ ಬರೀತೀನಿ. ಆ ಹೆಸರಿನ ಮೇಲೆ ನೀವು ಯಾರನ್ನೂ ತೆಗೆಯೋಕಾಗಲ್ಲ" ಅಂದ.

ಕೊಸ್ತಾಕೆ ಪೆಪ್ಪರಮೆಂಟಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ. "ಅದನ್ನ ಬರೆದ್ರೆ ಸೋಮವಾರ ನಿಮಗೆ ಕೆಲಸ ಇರಲ್ಲ ಮೇಷ್ಟ್ರೇ."

"ಗೊತ್ತು ಸಾರ್."

"ಗೊತ್ತಿದ್ರೆ ಸರಿ. ಇಬ್ಬರೂ ಹೊರಗೆ ಹೋಗಿ."

ಇಬ್ಬರೂ ಕಾರಿಡಾರಿಗೆ ಬಂದರು. ಅವಳು ಥ್ಯಾಂಕ್ಸ್ ಹೇಳಬಹುದು ಎಂಬ ಆಸೆ ಎಲ್ಲೋ ಒಂದು ಮೂಲೆಯಲ್ಲಿ ಇತ್ತು, ಅದಕ್ಕೆ ಅವನಿಗೆ ನಾಚಿಕೆಯಾಯಿತು. ಅವಳು ಹೇಳಲೂ ಇಲ್ಲ. ತನ್ನ ಮೇಜಿನ ಹಿಂದಿನ ಕುರ್ಚಿಯಲ್ಲಿ ಭಾರವಾಗಿ ಕೂತು, ಕಾಲು ನೀವಿಕೊಂಡಳು, ಬೆಳಗಿನಿಂದ ರಾಶಿ ಬಿದ್ದಿದ್ದ ಕಾಗದಗಳನ್ನು ಹತ್ತಿರ ಎಳೆದುಕೊಂಡು ಒಂದಕ್ಕೆ ಮೊಹರು ಒತ್ತಿದಳು. ಎಮಿಲ್ಯಾನ್ ತಟ್ಟೆ ವಾಪಸು ಇಡಲು ಹೋದ.

"ಅದು ನಿನ್ನದು. ಕೊಟ್ಟದ್ದನ್ನ ವಾಪಸ್ ತಗೊಳ್ಳಲ್ಲ" ಅಂದಳು. ಇನ್ನೊಂದು ಮೊಹರು. "ನಿನ್ನ ಮೇಲೆ ನನಗೆ ಸಿಟ್ಟಿದೆ. ಹೋಗಲಿ ಬಿಡು ಅಂತ ಅನ್ನಲ್ಲ ನಾನು."

"ಹೂಂ."

"ನಿಮ್ಮಪ್ಪ ಉದ್ದಕ್ಕೇ ಇದ್ದರಲ್ಲ?"

"ಇಲ್ಲಮ್ಮಾ. ಕುಳ್ಳ. ನನ್ನ ಭುಜಕ್ಕೂ ಬರ್ತಿರಲಿಲ್ಲ."

"ಕುಳ್ಳಾನಾ" ಅಂದಳು ವೆತೂರಿಯಾ. ಮೊಹರು ಹಿಡಿದ ಕೈ ಮೇಲೆಯೇ ನಿಂತಿತು. "ನೋಡು, ನಾನು ಬೆಳಿಗ್ಗೆಯಿಂದ ಯಾವನೋ ಉದ್ದನೆಯವನನ್ನ ನೆನೆಸಿಕೊಂಡು ಅಳ್ತಾ ಇದೀನಿ." ಕಾಲಿನಿಂದ ಪಕ್ಕದ ಸ್ಟೂಲನ್ನು ಅವನ ಕಡೆ ತಳ್ಳಿದಳು. "ವ್ಯಾನಿಗೆ ಇನ್ನೂ ಹೊತ್ತಿದೆ. ಕೂತ್ಕೊಂಡು ಹೇಳು, ಇನ್ನೇನೇನು ತಪ್ಪು ನೆನಪಿದೆ ನನಗೆ."

ಎಮಿಲ್ಯಾನ್ ಕೂತ. ಇನ್ನೊಂದು ಚಮಚ ಗೋಧಿ ನುಂಗಿ, ಅಪ್ಪ ಕೇಳಿದ್ದ ಆ ಟೋಪಿಯಿಂದ ಶುರುಮಾಡಿದ.